ಚಿಕ್ಕ ಮಕ್ಕಳೊಂದಿಗೆ ಕ್ರೂಸ್ ಪ್ರವಾಸ: ಯೋಜನೆ, ವೆಚ್ಚ ಹಾಗೂ ತೆರಿಗೆ

ವ್ಯಾಪಾರಸ್ಥರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ರಜೆ ಎಂಬುದು ಸುಲಭವಾಗಿ ದೊರೆಯುವುದಿಲ್ಲ. ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಯಂತ್ರ ನಿಲ್ಲಿಸಿದರೆ ಆರ್ಡರು ತಡವಾಗುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ ನಾಲ್ಕೈದು ದಿನಗಳ ಬಿಡುವು ಸಿಕ್ಕಾಗ ಅದನ್ನು ಮಕ್ಕಳೊಡನೆ ನೆಮ್ಮದಿಯಾಗಿ ಕಳೆಯಬೇಕೆಂಬ ಆಸೆ ಸಹಜವಾದದ್ದು. ಈ ಆಸೆಗೆ ಕ್ರೂಸ್, ಅಂದರೆ ವಿಹಾರ ಹಡಗಿನ ಪ್ರವಾಸ, ಒಂದು ಹೊಸ ದಾರಿಯನ್ನು ಒದಗಿಸಿದೆ. ಒಮ್ಮೆ ಹಡಗು ಹತ್ತಿದ ಮೇಲೆ ಊರಿಂದೂರಿಗೆ ಪೆಟ್ಟಿಗೆ ಹೊರುವ ಕೆಲಸವಿಲ್ಲ. ವಸತಿ, ಊಟ, ಆಟ ಎಲ್ಲವೂ ಒಂದೇ ಸೂರಿನಡಿ ದೊರೆಯುತ್ತವೆ. ಕಂಕುಳಲ್ಲಿ ಕೂಸು ಇರುವ ದಂಪತಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಭಾರತದಲ್ಲಿ ಈ ಉದ್ಯಮದ ಹಾದಿ ಏರಿಳಿತಗಳಿಂದ ಕೂಡಿದೆ. 2005ರಲ್ಲಿ ಸ್ಟಾರ್ ಕ್ರೂಸಸ್ ಸಂಸ್ಥೆಯು ಸೂಪರ್‌ಸ್ಟಾರ್ ಲಿಬ್ರಾ ಹಡಗನ್ನು ಮುಂಬೈಗೆ ತಂದಿತು. 2019ರಲ್ಲಿ ಆರಂಭವಾದ ಜಲೇಶ್ ಕ್ರೂಸಸ್ 2020ರಲ್ಲಿ, ಕೋವಿಡ್ ಕಾಲದಲ್ಲಿ, ವ್ಯವಹಾರ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು ಮುಂಬೈನಿಂದ ಪ್ರಯಾಣ ಆರಂಭಿಸಿತು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರವು 'ಕ್ರೂಸ್ ಭಾರತ್ ಮಿಷನ್' ಎಂಬ ಯೋಜನೆಗೆ ಚಾಲನೆ ನೀಡಿ, 2029ರೊಳಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿಯನ್ನು ಪ್ರಕಟಿಸಿತು. ಜಾಹೀರಾತುಗಳೂ ಅದಕ್ಕೆ ತಕ್ಕಂತೆ ಹೆಚ್ಚಿವೆ.

ಆದರೆ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ದರವು ಪ್ರವಾಸದ ವೆಚ್ಚವಲ್ಲ. ಮಾಲಿನ ಬಿಲ್ಲಿನ ದರಕ್ಕೂ, ಸಾಗಾಣಿಕೆ, ವಿಮೆ, ಹಮಾಲಿ ಎಲ್ಲ ಸೇರಿ ಅದು ಅಂಗಡಿಗೆ ಬಂದು ಬೀಳುವ ದರಕ್ಕೂ ಇರುವ ವ್ಯತ್ಯಾಸವನ್ನು ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಖರೀದಿಯಲ್ಲಿ ಪ್ರತಿದಿನ ತೋರುವ ಈ ಎಚ್ಚರವನ್ನು ಕುಟುಂಬದ ಪ್ರವಾಸದಲ್ಲಿಯೂ ತೋರಿದರೆ ಹಣವೂ ಉಳಿಯುತ್ತದೆ, ಮಕ್ಕಳ ಸುರಕ್ಷತೆಯೂ ಉಳಿಯುತ್ತದೆ. ಈ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಕಿರಿಯ ಮಗುವಿನ ವಯಸ್ಸೇ ಮೊದಲ ನಿಯಮ

ಬಹುಪಾಲು ಕುಟುಂಬಗಳು ಮೊದಲು ಹಡಗನ್ನು ಆರಿಸಿ, ನಂತರ ಮಕ್ಕಳಿಗೆ ಅಲ್ಲಿ ಏನಿದೆ ಎಂದು ವಿಚಾರಿಸುತ್ತವೆ. ಈ ಕ್ರಮ ತಿರುವುಮುರುವಾಗಬೇಕು. ಮನೆಯ ಅತ್ಯಂತ ಕಿರಿಯ ಮಗುವಿನ ವಯಸ್ಸು, ಅದೂ ಹಡಗು ಹೊರಡುವ ದಿನದಂದು ಇರುವ ವಯಸ್ಸು, ಉಳಿದೆಲ್ಲ ತೀರ್ಮಾನಗಳಿಗೆ ಆಧಾರವಾಗಬೇಕು.

ಅಂತರರಾಷ್ಟ್ರೀಯ ಕ್ರೂಸ್ ಸಂಸ್ಥೆಗಳು ಸಾಮಾನ್ಯವಾಗಿ ಆರು ತಿಂಗಳು ತುಂಬದ ಶಿಶುವನ್ನು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ಸತತವಾಗಿ ಹಲವು ದಿನ ಬಂದರು ಮುಟ್ಟದೆ ಸಾಗುವ ದೀರ್ಘ ಪ್ರಯಾಣಗಳಿಗೆ ಹನ್ನೆರಡು ತಿಂಗಳ ಮಿತಿಯನ್ನು ವಿಧಿಸುವುದುಂಟು. ಹಾಗೆಯೇ 24 ವಾರಗಳ ಗರ್ಭಾವಸ್ಥೆ ತಲುಪಿದ ಮಹಿಳೆಯರಿಗೆ ಬಹುತೇಕ ಸಂಸ್ಥೆಗಳು ಪ್ರಯಾಣ ನಿರಾಕರಿಸುತ್ತವೆ. ಈ ಎಣಿಕೆ ಪ್ರವಾಸದ ಕೊನೆಯ ದಿನದವರೆಗೆ ಅನ್ವಯಿಸುತ್ತದೆಯಾದ್ದರಿಂದ ಟಿಕೆಟ್ ಕಾದಿರಿಸುವಾಗಲೇ ಲೆಕ್ಕ ಹಾಕುವುದು ಒಳ್ಳೆಯದು.

ಮಕ್ಕಳ ಕ್ಲಬ್ ಎಂಬ ಸೌಲಭ್ಯವನ್ನು ನೋಡಿಯೇ ಅನೇಕ ತಂದೆತಾಯಿಯರು ಮನಸ್ಸು ಮಾಡುತ್ತಾರೆ. ಇಲ್ಲಿ ಮಕ್ಕಳಿಗೆ ಚಿತ್ರಕಲೆ, ಆಟ, ಕಥೆಗಳ ಏರ್ಪಾಡಿರುತ್ತದೆ ಹಾಗೂ ಹಗಲಿನ ಶುಲ್ಕ ಟಿಕೆಟ್ಟಿನಲ್ಲಿಯೇ ಸೇರಿರುವುದು ರೂಢಿ. ಆದರೆ ಬಹಳಷ್ಟು ಹಡಗುಗಳಲ್ಲಿ ಮೂರು ವರ್ಷ ತುಂಬಿದ, ಡೈಪರ್ ಬಿಟ್ಟ ಮಕ್ಕಳನ್ನು ಮಾತ್ರ ತಂದೆತಾಯಿಯರಿಲ್ಲದೆ ಅಲ್ಲಿ ಸೇರಿಸಿಕೊಳ್ಳುತ್ತಾರೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕೆಲವು ಹಡಗುಗಳಲ್ಲಿ ಶಿಶುಪಾಲನಾ ಕೊಠಡಿ ಇದ್ದರೂ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕವಿರುತ್ತದೆ. ಈಜುಕೊಳದ ನಿಯಮವೂ ಇದೇ ರೀತಿಯದು. ಡೈಪರ್ ತೊಟ್ಟ ಮಗುವಿಗೆ, ಅದು ಈಜಿಗೆಂದೇ ತಯಾರಾದ ಡೈಪರ್ ಆಗಿದ್ದರೂ, ಮುಖ್ಯ ಕೊಳದಲ್ಲಿ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ.

ಇದರ ಅರ್ಥ ಸ್ಪಷ್ಟವಾಗಿದೆ. ಎರಡು ವರ್ಷದ ಮಗುವಿನೊಡನೆ ಹೋಗುವ ಕುಟುಂಬವು ಹಡಗಿನ ದೊಡ್ಡ ಆಕರ್ಷಣೆಗಳ ಅರ್ಧದಷ್ಟನ್ನೂ ಬಳಸಲಾರದು, ಆದರೂ ಅವುಗಳ ಬೆಲೆಯನ್ನು ಟಿಕೆಟ್ಟಿನಲ್ಲಿ ತೆರುತ್ತದೆ. ಕಿರಿಯ ಮಗು ಮೂರು ದಾಟುವವರೆಗೆ ಒಂದು ವರ್ಷ ಕಾಯುವುದು, ಇಲ್ಲವೇ ಮುಂಬೈನಿಂದ ಗೋವಾದಂತಹ ಎರಡು ರಾತ್ರಿಗಳ ಚಿಕ್ಕ ಪ್ರವಾಸದಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಅನೇಕರಿಗೆ ಲಾಭದಾಯಕ. ಇದು ಹೊಸ ಮಾಲನ್ನು ಮೊದಲು ಮಾದರಿಯಾಗಿ ತರಿಸಿ ನೋಡುವ ಪದ್ಧತಿಯಂತೆಯೇ ಸರಿ.

ಋತು ಮತ್ತು ವ್ಯಾಪಾರದ ದಿನಚರಿ

ನವ ಮಂಗಳೂರು ಬಂದರಿಗೆ ವಿದೇಶಿ ವಿಹಾರ ಹಡಗುಗಳು ಬಂದುಹೋಗುತ್ತವೆಯಾದರೂ, ಕರ್ನಾಟಕದ ಕುಟುಂಬಗಳು ಹಡಗು ಹತ್ತುವುದು ಸಾಮಾನ್ಯವಾಗಿ ಮುಂಬೈ, ಗೋವಾ, ಕೊಚ್ಚಿ, ಚೆನ್ನೈ ಅಥವಾ ಸಿಂಗಪುರದಲ್ಲಿ. ಅರಬ್ಬಿ ಸಮುದ್ರವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಕ್ಷುಬ್ಧವಾಗಿರುತ್ತದೆ. ಎಂಪ್ರೆಸ್ ಹಡಗು 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾದ ಹಂಬನ್‌ತೋಟ, ತ್ರಿಕೋನಮಲೆ ಮತ್ತು ಕಂಕೇಶನ್‌ತುರೈ ಬಂದರುಗಳತ್ತ ಹೊರಟದ್ದು ಮಳೆಗಾಲದ ಇದೇ ತಿಂಗಳಿನಲ್ಲಿ. ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿಯೂ ಚಂಡಮಾರುತದ ಸಾಧ್ಯತೆ ಇರುತ್ತದೆ. 2021ರ ಮೇ ತಿಂಗಳ ತೌಕ್ತೆ ಇದಕ್ಕೆ ನಿದರ್ಶನ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಸರದಿ.

ಮಕ್ಕಳ ಶಾಲೆಯ ರಜೆ ಮತ್ತು ಸಮುದ್ರದ ಋತುವಿನ ಜೊತೆಗೆ ವರ್ತಕರು ಮೂರನೆಯ ಪಂಚಾಂಗವೊಂದನ್ನೂ ನೋಡಬೇಕಾಗುತ್ತದೆ. ದಸರಾ ರಜೆಯ ಹೊತ್ತಿಗೆ ತೆರಿಗೆ ಲೆಕ್ಕಪರಿಶೋಧನೆಯ ಒತ್ತಡ. ಮಾರ್ಚ್‌ನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ತಿಂಗಳಿಗೊಮ್ಮೆ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖುಗಳು. ಇವನ್ನು ಉಲ್ಲೇಖಿಸುವುದಕ್ಕೆ ಕಾರಣವಿದೆ. ತೀರ ದಾಟಿದ ಮೇಲೆ ಸಾಮಾನ್ಯ ಮೊಬೈಲ್ ಸಂಪರ್ಕ ಇರುವುದಿಲ್ಲ. ಬ್ಯಾಂಕಿನ ಅಥವಾ ಪೋರ್ಟಲಿನ ಓಟಿಪಿ ಸಮಯಕ್ಕೆ ಬಾರದಿದ್ದರೆ ಪಾವತಿ ನಿಲ್ಲುತ್ತದೆ, ದಂಡಬಡ್ಡಿ ಬೀಳುತ್ತದೆ. ಹಡಗಿನ ಸ್ವಂತ ಮೊಬೈಲ್ ಜಾಲಕ್ಕೆ ಫೋನು ತಾನಾಗಿಯೇ ಸೇರಿಕೊಂಡರೆ ರೋಮಿಂಗ್ ಬಿಲ್ಲು ದುಬಾರಿಯಾಗುತ್ತದೆ. ಮುಖ್ಯ ಪಾವತಿಗಳನ್ನು ಮುಗಿಸಿ, ಸಂಬಳ ಹಾಗೂ ಚೆಕ್ಕುಗಳ ಅಧಿಕಾರವನ್ನು ಪಾಲುದಾರರಿಗೋ ಮನೆಯ ಹಿರಿಯರಿಗೋ ವಹಿಸಿ, ಹಡಗು ಹತ್ತುವ ಮುನ್ನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದು ಸುರಕ್ಷಿತ.

ನಿಜವಾದ ವೆಚ್ಚದ ಲೆಕ್ಕ

ಕ್ರೂಸ್ ದರವನ್ನು ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಎಂಬ ಆಧಾರದ ಮೇಲೆ ತಲಾವಾರು ನಮೂದಿಸುತ್ತಾರೆ. ಅದೇ ಕ್ಯಾಬಿನ್ನಿನ ಮೂರನೆಯ ಮತ್ತು ನಾಲ್ಕನೆಯ ಹಾಸಿಗೆಗೆ ದರ ಕಡಿಮೆ ಇರುವುದು ಸಾಮಾನ್ಯ. ಮಕ್ಕಳು ಉಚಿತ ಎಂಬ ಕೊಡುಗೆಗಳೂ ಇರುತ್ತವೆ. ಆದರೆ ಉಚಿತವಾಗುವುದು ಮೂಲ ದರ ಮಾತ್ರ. ಬಂದರು ಶುಲ್ಕ, ತೆರಿಗೆ ಮತ್ತು ಸಿಬ್ಬಂದಿಯ ಇನಾಮು ಪ್ರತಿ ತಲೆಗೂ ಸೇರುತ್ತವೆ. ಇನಾಮನ್ನು ಮಗುವಿಗೂ ಲೆಕ್ಕ ಹಿಡಿಯುವ ಸಂಸ್ಥೆಗಳೇ ಹೆಚ್ಚು.

ಲೆಕ್ಕದ ವಿಧಾನವನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆ ನೋಡಬಹುದು. ತಂದೆ, ತಾಯಿ, ಆರು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು; ಸಿಂಗಪುರದಿಂದ ನಾಲ್ಕು ರಾತ್ರಿಗಳ ಪ್ರವಾಸ; ಒಂದು ಡಾಲರಿಗೆ 90 ರೂಪಾಯಿ ಎಂದು ಇಟ್ಟುಕೊಳ್ಳಲಾಗಿದೆ. ಇಲ್ಲಿನ ಅಂಕಿಗಳು ಮಾರುಕಟ್ಟೆಯ ದರಗಳಲ್ಲ, ನಮೂನೆ ಮಾತ್ರ.

1. ಟಿಕೆಟ್: ದೊಡ್ಡವರಿಗೆ ತಲಾ 40,000, ಮಕ್ಕಳಿಗೆ ತಲಾ 20,000 – ರೂ. 1,20,000
2. ಬಂದರು ಶುಲ್ಕ ಮತ್ತು ತೆರಿಗೆ, ತಲಾ 10,000 – ರೂ. 40,000
3. ಸಿಬ್ಬಂದಿ ಇನಾಮು: ತಲಾ ದಿನಕ್ಕೆ 18 ಡಾಲರ್, ನಾಲ್ವರಿಗೆ ನಾಲ್ಕು ದಿನ, ಒಟ್ಟು 288 ಡಾಲರ್ – ರೂ. 25,920
4. ಬೆಂಗಳೂರಿನಿಂದ ವಿಮಾನ, ಹೋಗಿಬರಲು – ರೂ. 1,00,000
5. ಹಿಂದಿನ ದಿನದ ಹೋಟೆಲ್ ವಾಸ – ರೂ. 15,000
6. ವೀಸಾ ಮತ್ತು ಪ್ರವಾಸ ವಿಮೆ – ರೂ. 16,000
7. ಬಂದರುಗಳಲ್ಲಿ ಸುತ್ತಾಟ ಮತ್ತು ಹಡಗಿನ ಮೇಲ್ಖರ್ಚು – ರೂ. 40,000
8. 3 ಮತ್ತು 7ನೆಯ ಬಾಬತ್ತುಗಳ ಮೇಲೆ ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಶೇ. 3.5ರಂತೆ – ಸುಮಾರು ರೂ. 2,300

ಒಟ್ಟು ಸುಮಾರು ರೂ. 3,59,220. ಜಾಹೀರಾತಿನ 1,20,000 ರೂಪಾಯಿ ಹತ್ತಿರ ಹತ್ತಿರ ಮೂರು ಪಟ್ಟಾಗಿದೆ. ಇದಕ್ಕೆ ಶೇ. 10ರಷ್ಟು ಆಕಸ್ಮಿಕ ವೆಚ್ಚ ಸೇರಿಸಿದರೆ ಸುಮಾರು 3,95,000 ರೂಪಾಯಿ ಕೈಯಲ್ಲಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜವಾದರೂ, ಮೊದಲು ಹಾಸಿಗೆಯ ಅಳತೆ ತಿಳಿದಿರಬೇಕು.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕ್ಯಾಬಿನ್ನಿನ ಕಾರ್ಡನ್ನೇ ಎಲ್ಲ ಖರೀದಿಗೂ ಬಳಸಿ, ಕೊನೆಯ ದಿನ ಒಟ್ಟು ಬಿಲ್ಲು ಕ್ರೆಡಿಟ್ ಕಾರ್ಡಿಗೆ ಬೀಳುತ್ತದೆ. ಅಂಗಡಿಯಲ್ಲಿ ಉದ್ರಿ ಪುಸ್ತಕ ಬೆಳೆಯುವ ರೀತಿಯನ್ನು ಬಲ್ಲವರಿಗೆ ಇದರ ಅಪಾಯ ತಿಳಿಯದ್ದೇನಲ್ಲ. ಮಕ್ಕಳ ಕಾರ್ಡಿನ ಖರೀದಿ ಅಧಿಕಾರವನ್ನು ಮೊದಲ ದಿನವೇ ರದ್ದುಪಡಿಸಿ, ಪ್ರತಿ ಸಂಜೆ ಖಾತೆಯನ್ನು ಪರಿಶೀಲಿಸಿದರೆ ಕೊನೆಯ ದಿನ ಕೌಂಟರಿನ ಮುಂದೆ ವಾದ ಮಾಡುವ ಪ್ರಮೇಯ ಬರುವುದಿಲ್ಲ. ವಿದೇಶದಲ್ಲಿ ಕಾರ್ಡು ಉಜ್ಜುವಾಗ ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಯಂತ್ರ ಕೇಳಿದರೆ ಸ್ಥಳೀಯ ಕರೆನ್ಸಿಯನ್ನೇ ಆರಿಸುವುದು ಸಾಮಾನ್ಯವಾಗಿ ಅಗ್ಗ.

ಮುಂಗಡ ಹಣ ಮತ್ತು ಕರಾರಿನ ಷರತ್ತುಗಳು

ಕ್ರೂಸ್ ಟಿಕೆಟ್ಟನ್ನು ಹಲವು ತಿಂಗಳು ಮೊದಲೇ ಕೊಳ್ಳುವುದರಿಂದ, ಗ್ರಾಹಕನು ಸಂಸ್ಥೆಗೆ ಭದ್ರತೆಯಿಲ್ಲದ ಸಾಲ ಕೊಟ್ಟಂತಾಗುತ್ತದೆ. ಸಂಸ್ಥೆಯೇ ವ್ಯವಹಾರ ನಿಲ್ಲಿಸಿದರೆ ಮುಂಗಡ ಕೊಟ್ಟವರು ಸಾಲಗಾರರ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಪೂರ್ಣ ಹಣವನ್ನು ಮೊದಲೇ ಕಟ್ಟುವ ರಿಯಾಯಿತಿಗಿಂತ, ಸ್ವಲ್ಪ ಮುಂಗಡ ಕೊಟ್ಟು ಉಳಿದದ್ದನ್ನು ಕೊನೆಯ ಗಡುವಿಗೆ ಕಟ್ಟುವ ಯೋಜನೆ ಮೇಲು. ನಗದಿಗಿಂತ ಕ್ರೆಡಿಟ್ ಕಾರ್ಡಿನ ಪಾವತಿ ಮೇಲು, ಏಕೆಂದರೆ ಸೇವೆ ದೊರೆಯದಿದ್ದಾಗ ಬ್ಯಾಂಕಿನ ಮುಂದೆ ತಕರಾರು ಸಲ್ಲಿಸಲು ಅವಕಾಶವಿರುತ್ತದೆ.

ರದ್ದತಿಯ ಷರತ್ತು ಮೆಟ್ಟಿಲಿನಂತಿರುತ್ತದೆ. ಹೊರಡುವ ದಿನ ಸಮೀಪಿಸಿದಂತೆ ಮರಳಿ ಸಿಗುವ ಮೊತ್ತ ಕಡಿಮೆಯಾಗಿ ಕೊನೆಗೆ ಶೂನ್ಯವಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಪ್ರಯಾಣದ ಹಿಂದಿನ ವಾರ ಜ್ವರ ಬರುವುದು ಅಪರೂಪವೇನಲ್ಲ. ವಿಮೆ ಕೊಳ್ಳುವಾಗ ಆಸ್ಪತ್ರೆ ಖರ್ಚಿನ ಜೊತೆಗೆ ಪ್ರವಾಸ ರದ್ದತಿಯೂ ಸೇರಿದೆಯೇ, ಮಗುವಿನ ಅನಾರೋಗ್ಯದಿಂದ ಇಡೀ ಕುಟುಂಬ ಉಳಿದರೆ ಎಲ್ಲರ ಹಣವೂ ಬರುತ್ತದೆಯೇ ಎಂಬುದನ್ನು ಪಾಲಿಸಿಯಲ್ಲಿ ಓದಿಯೇ ತಿಳಿಯಬೇಕು.

ಇನ್ನೊಂದು ಷರತ್ತನ್ನು ಬಹಳ ಮಂದಿ ಗಮನಿಸುವುದಿಲ್ಲ. ಹವಾಮಾನ ಅಥವಾ ಸುರಕ್ಷತೆಯ ಕಾರಣದಿಂದ ಮಾರ್ಗ ಬದಲಿಸುವ, ಒಂದು ಬಂದರನ್ನು ಕೈಬಿಡುವ ಅಧಿಕಾರ ಹಡಗಿನ ಕಪ್ತಾನನಿಗಿರುತ್ತದೆ. ಅದಕ್ಕೆ ಪರಿಹಾರ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಯೇ ಹಡಗು ತಡವಾಗಿ ಬಂದವರಿಗಾಗಿ ಕಾಯುವುದಿಲ್ಲ. ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಯೋಜನೆಯಲ್ಲಿ ಉಳಿಯುವುದು ಒಂದು ರಾತ್ರಿಯ ಹೋಟೆಲ್ ಬಾಡಿಗೆ. ಕಳೆಯಬಹುದಾದದ್ದು ಇಡೀ ಪ್ರವಾಸ.

ಕ್ಯಾಬಿನ್ನಿನಲ್ಲಿ ಜಾಗವಿದ್ದರೂ ನಾಲ್ಕನೆಯವರಿಗೆ ಟಿಕೆಟ್ ನಿರಾಕರಿಸುವ ಸಂದರ್ಭವೂ ಬರುತ್ತದೆ. ಜೀವರಕ್ಷಕ ದೋಣಿಗಳ ಸಾಮರ್ಥ್ಯಕ್ಕೆ ತಕ್ಕಂತೆ ಹಡಗಿನ ಪ್ರತಿ ಭಾಗದಲ್ಲೂ ಜನಸಂಖ್ಯೆಯ ಮಿತಿ ಇರುವುದೇ ಇದಕ್ಕೆ ಕಾರಣ. ಕಂಕುಳ ಕೂಸಿಗೂ ಆ ಲೆಕ್ಕದಲ್ಲಿ ಒಂದು ಸ್ಥಾನ ಬೇಕು. ಅಣ್ಣತಮ್ಮಂದಿರು, ಅಜ್ಜ ಅಜ್ಜಿ ಸೇರಿ ಹೋಗುವ ಕೂಡುಕುಟುಂಬಗಳು ಈ ಕಾರಣಕ್ಕಾಗಿಯೇ ಬೇಗ ಕಾದಿರಿಸಬೇಕು. ಪ್ರತಿ ಕ್ಯಾಬಿನ್ನಿನಲ್ಲಿ ಒಬ್ಬರು ವಯಸ್ಕರಿರಬೇಕೆಂಬ ನಿಯಮವನ್ನೂ ನೆನಪಿಡಬೇಕು.

ದಾಖಲೆಗಳು

ವಿದೇಶಿ ಬಂದರು ಮುಟ್ಟುವ ಪ್ರವಾಸಕ್ಕೆ ಶಿಶುವಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಅಗತ್ಯ. ಅಪ್ರಾಪ್ತ ವಯಸ್ಕರ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದು ವರ್ಷ ಮಾತ್ರ. ತಂದೆತಾಯಿಯರ ಪಾಸ್‌ಪೋರ್ಟ್ ಹತ್ತು ವರ್ಷದ್ದಾಗಿರುವುದರಿಂದ ಮಗುವಿನದು ಮುಗಿದಿರುವುದು ಗಮನಕ್ಕೇ ಬಾರದಿರಬಹುದು. ಪ್ರವಾಸ ಮುಗಿಯುವ ದಿನದಿಂದ ಮುಂದೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂಬುದು ಬಹುತೇಕ ಸಂಸ್ಥೆಗಳ ನಿಯಮ.

ಸಿಂಗಪುರದಿಂದ ಹೊರಟು ಮಲೇಷ್ಯಾದ ಬಂದರು ಮುಟ್ಟಿ ಸಿಂಗಪುರಕ್ಕೆ ಮರಳುವ ಪ್ರಯಾಣದಲ್ಲಿ ಸಿಂಗಪುರಕ್ಕೆ ಎರಡು ಬಾರಿ ಪ್ರವೇಶಿಸಿದಂತಾಗುತ್ತದೆ. ಒಂದೇ ಪ್ರವೇಶದ ವೀಸಾ ಸಾಲದು. ಹಡಗಿನಿಂದ ಇಳಿಯದೇ ಉಳಿಯುವವರಿಗೂ ಮಾರ್ಗದ ಪ್ರತಿ ದೇಶದ ವೀಸಾ ನಿಯಮ ಅನ್ವಯವಾಗಬಹುದು. ತಂದೆ ಅಥವಾ ತಾಯಿ ಒಬ್ಬರೇ, ಇಲ್ಲವೇ ಅಜ್ಜ ಅಜ್ಜಿ ಮಾತ್ರ ಮಗುವನ್ನು ಕರೆದೊಯ್ಯುವಾಗ, ಉಳಿದವರ ಒಪ್ಪಿಗೆ ಪತ್ರವನ್ನು ನೋಟರಿಯವರಿಂದ ದೃಢೀಕರಿಸಿ ಇಟ್ಟುಕೊಳ್ಳುವುದು ವಿವೇಕ. ದೇಶದೊಳಗಿನ ಪ್ರವಾಸಗಳಿಗೆ ಸರ್ಕಾರಿ ಗುರುತಿನ ಚೀಟಿ, ಮಕ್ಕಳಿಗೆ ಆಧಾರ್ ಅಥವಾ ಜನನ ಪ್ರಮಾಣಪತ್ರ ಸಿದ್ಧವಿರಲಿ.

ತೆರಿಗೆ: ಯಾರ ಜೇಬಿನಿಂದ?

ವಿದೇಶ ಪ್ರವಾಸದ ಪ್ಯಾಕೇಜು ಮಾರುವವರು ಗ್ರಾಹಕರಿಂದ ಮೂಲದಲ್ಲಿ ತೆರಿಗೆ ಸಂಗ್ರಹಿಸಬೇಕೆಂಬ ನಿಯಮ, ಅಂದರೆ ಟಿಸಿಎಸ್, 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆಗ ದರ ಶೇ. 5. 2023ರ ಅಕ್ಟೋಬರ್‌ನಿಂದ 7 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ. 20 ಆಯಿತು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷಕ್ಕೆ ಏರಿತು. 2026ರ ಬಜೆಟ್ಟಿನಲ್ಲಿ ಮೊತ್ತದ ಭೇದವಿಲ್ಲದೆ ದರವನ್ನು ಶೇ. 2ಕ್ಕೆ ಇಳಿಸುವುದಾಗಿ ಘೋಷಿಸಲಾಯಿತು. ಪ್ರಯಾಣ ಮತ್ತು ವಸತಿ ಎರಡನ್ನೂ ಒಳಗೊಂಡ ವಿದೇಶಿ ಕ್ರೂಸ್ ಸಾಮಾನ್ಯವಾಗಿ ಈ ವ್ಯಾಖ್ಯೆಯೊಳಗೆ ಬರುತ್ತದೆ. ಚೆನ್ನೈನಿಂದ ಶ್ರೀಲಂಕಾಕ್ಕೆ ಹೋಗುವ ಹಡಗೂ ಇದಕ್ಕೆ ಹೊರತಲ್ಲ. ಮುಂಬೈ–ಗೋವಾ ಅಥವಾ ಲಕ್ಷದ್ವೀಪದ ಪ್ರವಾಸಕ್ಕೆ ಇದು ಅನ್ವಯವಾಗದು.

ಟಿಸಿಎಸ್ ವೆಚ್ಚವಲ್ಲ, ಮುಂಗಡವಾಗಿ ಕಟ್ಟಿದ ತೆರಿಗೆ. ಮೇಲಿನ ಉದಾಹರಣೆಯಲ್ಲಿ ಟಿಕೆಟ್, ಬಂದರು ಶುಲ್ಕ, ವಿಮಾನ ಮತ್ತು ಹೋಟೆಲ್ ಸೇರಿ 2,75,000 ರೂಪಾಯಿಯ ಪ್ಯಾಕೇಜು ಕೊಂಡರೆ ಶೇ. 2ರಂತೆ 5,500 ರೂಪಾಯಿ ಸಂಗ್ರಹವಾಗುತ್ತದೆ. ಇದನ್ನು ವಾರ್ಷಿಕ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಬಿಲ್ಲಿನಲ್ಲಿ ಸರಿಯಾದ ಪ್ಯಾನ್ ನಮೂದಾಗಿರಬೇಕು. ತೆರಿಗೆ ಕಟ್ಟುವವರೊಬ್ಬರು, ಪ್ಯಾನ್ ಇನ್ನೊಬ್ಬರದು ಎಂದಾದರೆ ಹೊಂದಾಣಿಕೆ ಕಷ್ಟವಾಗುತ್ತದೆ. ಒಂದು ವರ್ಷದಲ್ಲಿ ತನಗಾಗಿ ಅಥವಾ ಇತರರಿಗಾಗಿ ವಿದೇಶ ಪ್ರಯಾಣಕ್ಕೆ 2 ಲಕ್ಷ ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡಿದವರು, ಆದಾಯ ತೆರಿಗೆಯ ಮಿತಿಯೊಳಗಿದ್ದರೂ ವಿವರಪಟ್ಟಿ ಸಲ್ಲಿಸಬೇಕು ಎಂಬುದನ್ನೂ ಗಮನಿಸಬೇಕು.

ಮುಖ್ಯವಾದ ಪ್ರಶ್ನೆ ಮತ್ತೊಂದು. ಪ್ರವಾಸದ ಬಿಲ್ಲನ್ನು ಸಂಸ್ಥೆಯ ಹೆಸರಿನಲ್ಲಿ ಮಾಡಿಸಿ ವ್ಯಾಪಾರದ ಖರ್ಚಿಗೆ ಹಾಕುವ ಪರಿಪಾಠ ಅಲ್ಲಲ್ಲಿ ಇದೆ. ವೈಯಕ್ತಿಕ ವೆಚ್ಚಕ್ಕೆ ವ್ಯವಹಾರದ ಆದಾಯದಿಂದ ಕಡಿತವಿಲ್ಲ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮಿನ ತತ್ವ; 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿಯೂ ಅದೇ ತತ್ವವಿದೆ. ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನಂತೆ ವೈಯಕ್ತಿಕ ಬಳಕೆಯ ಸೇವೆಗೆ ಹೂಡುವಳಿ ತೆರಿಗೆ ಜಮೆಯೂ ಸಿಗುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆ, ಟಿಸಿಎಸ್ ದಾಖಲೆ ಮತ್ತು ಲೆಕ್ಕಪುಸ್ತಕ ಮೂರನ್ನೂ ಜೋಡಿಸಿ ನೋಡುವುದು ಇಂದು ಇಲಾಖೆಗೆ ಕಷ್ಟದ ಕೆಲಸವಲ್ಲ. ಮಾಲೀಕತ್ವದ ಅಥವಾ ಪಾಲುದಾರಿಕೆಯ ಸಂಸ್ಥೆಯಾಗಿದ್ದರೆ ಹಣವನ್ನು ಡ್ರಾಯಿಂಗ್ಸ್ ಎಂದು ಬಂಡವಾಳ ಖಾತೆಗೆ ಖರ್ಚು ಬರೆಯುವುದೇ ಸರಿಯಾದ ಕ್ರಮ. ಪ್ರೈವೇಟ್ ಲಿಮಿಟೆಡ್ ಕಂಪನಿಯು ನಿರ್ದೇಶಕರ ಕುಟುಂಬದ ವಿಹಾರದ ವೆಚ್ಚ ಭರಿಸಿದರೆ ಅದು ನಿರ್ದೇಶಕರ ಕೈಯಲ್ಲಿ ತೆರಿಗೆಗೆ ಒಳಪಡುವ ಸೌಲಭ್ಯವಾಗುತ್ತದೆ.

ಸಿಮೆಂಟ್, ಬಣ್ಣ, ಟೈರು, ಎಲೆಕ್ಟ್ರಿಕಲ್ ಸಾಮಗ್ರಿಗಳಂತಹ ಕ್ಷೇತ್ರಗಳಲ್ಲಿ ಗುರಿ ಮುಟ್ಟಿದ ಡೀಲರುಗಳಿಗೆ ಕಂಪನಿಗಳು ವಿಹಾರ ಪ್ರವಾಸ ಕೊಡುವುದುಂಟು. ಇದನ್ನು ಉಚಿತವೆಂದು ತಿಳಿಯುವುದು ಸರಿಯಲ್ಲ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಮಿನಂತೆ, ವರ್ಷಕ್ಕೆ 20,000 ರೂಪಾಯಿ ಮೀರಿದ ಇಂತಹ ಸೌಲಭ್ಯದ ಮೇಲೆ ಕೊಡುವ ಕಂಪನಿಯು ಶೇ. 10ರಂತೆ ತೆರಿಗೆ ಕಡಿತ ಮಾಡಬೇಕು. ಪಡೆದ ಡೀಲರು ಅದರ ಮೌಲ್ಯವನ್ನು ಆದಾಯವಾಗಿ ತೋರಿಸಬೇಕು. ವ್ಯಾಪಾರ ಸಮ್ಮೇಳನದ ವೆಚ್ಚಕ್ಕೆ ವಿನಾಯಿತಿ ಇದ್ದರೂ, ವಿಹಾರದ ಭಾಗಕ್ಕೂ ಜೊತೆಗೆ ಬಂದ ಕುಟುಂಬದವರ ವೆಚ್ಚಕ್ಕೂ ವಿನಾಯಿತಿ ಇಲ್ಲವೆಂದು ನೇರ ತೆರಿಗೆಗಳ ಕೇಂದ್ರ ಮಂಡಳಿಯು 2022ರ ಜೂನ್ ತಿಂಗಳ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಶೇ. 30ರ ಹಂತದಲ್ಲಿರುವ ಡೀಲರಿಗೆ 3 ಲಕ್ಷ ರೂಪಾಯಿಯ ಬಹುಮಾನ ಪ್ರವಾಸದ ಮೇಲೆ 90,000 ರೂಪಾಯಿ ತೆರಿಗೆ, ಜೊತೆಗೆ ಸೆಸ್ ಬೀಳುತ್ತದೆ. ಒಪ್ಪಿಕೊಳ್ಳುವ ಮೊದಲು ಈ ಹಣವನ್ನು ತೆಗೆದಿಡಬೇಕು.

ಹಡಗಿನ ಮೇಲೆ: ಆರೋಗ್ಯ ಮತ್ತು ಸುರಕ್ಷತೆ

ಎರಡು ವರ್ಷದೊಳಗಿನ ಶಿಶುಗಳಿಗೆ ಪ್ರಯಾಣದ ವಾಕರಿಕೆ ಅಪರೂಪ. ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನು ಅದು ಹೆಚ್ಚು ಕಾಡುತ್ತದೆ. ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕ್ಯಾಬಿನ್ನಿನಲ್ಲಿ ತೊಯ್ದಾಟ ಕಡಿಮೆ. ದರವೂ ಸಾಮಾನ್ಯವಾಗಿ ಕಡಿಮೆ. ಔಷಧಿಯನ್ನು ಮಕ್ಕಳ ವೈದ್ಯರ ಸಲಹೆಯಂತೆಯೇ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಬರೆಸಿಕೊಂಡು ಒಯ್ಯಬೇಕು. ಹಡಗಿನಲ್ಲಿ ವೈದ್ಯರಿದ್ದರೂ ಶುಲ್ಕ ದುಬಾರಿ, ಅದನ್ನು ಸ್ಥಳದಲ್ಲಿಯೇ ಕಟ್ಟಬೇಕು. ದೇಶದೊಳಗಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ಉಪಯೋಗಕ್ಕೆ ಬಾರದು. ಒಂದೇ ಕಡೆ ಸಾವಿರಾರು ಜನ ಉಣ್ಣುವುದರಿಂದ ವಾಂತಿಭೇದಿ ತರುವ ನೊರೋವೈರಸ್ ಬೇಗ ಹರಡುತ್ತದೆ. ಇದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು ನೀರಿನಿಂದ ಕೈ ತೊಳೆಸುವುದೇ ಪರಿಹಾರ.

ಮನೆಯಿಂದ ಎಲೆಕ್ಟ್ರಿಕ್ ಕೆಟಲ್, ಸಣ್ಣ ಕುಕ್ಕರ್ ಅಥವಾ ಇಸ್ತ್ರಿ ಪೆಟ್ಟಿಗೆ ಒಯ್ಯುವ ಅಭ್ಯಾಸವಿರುವವರು ಅದನ್ನು ಬಿಡಬೇಕು. ಬೆಂಕಿಯ ಭಯದಿಂದ ಇವುಗಳಿಗೆ ಹಡಗಿನಲ್ಲಿ ನಿಷೇಧವಿದೆ, ತಪಾಸಣೆಯಲ್ಲಿಯೇ ತೆಗೆದಿಡುತ್ತಾರೆ. ಮನೆಯ ಅಡುಗೆಗೂ ಅವಕಾಶವಿರುವುದು ಕಡಿಮೆ. ಮೊಹರು ಒಡೆಯದ ಶಿಶು ಆಹಾರದ ಡಬ್ಬಿಗಳನ್ನು ಒಯ್ಯಬಹುದು. ಸಸ್ಯಾಹಾರ, ಜೈನ ಆಹಾರ ಅಥವಾ ಅಲರ್ಜಿಯ ವಿಷಯವನ್ನು ಟಿಕೆಟ್ ಕೊಳ್ಳುವಾಗಲೇ ಲಿಖಿತವಾಗಿ ತಿಳಿಸಬೇಕು. ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ತಲುಪಲು ಹಲವು ಗಂಟೆ ಹಿಡಿಯುವುದರಿಂದ ಮಗುವಿನ ಹಾಲಿನ ಪುಡಿ, ಔಷಧಿ, ಎರಡು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ವಾಲಿ 32 ಜನ ಮೃತಪಟ್ಟರು. ಆ ದಿನ ಹತ್ತಿದ ಅನೇಕರಿಗೆ ಸುರಕ್ಷತಾ ಕವಾಯತು ಇನ್ನೂ ನಡೆದಿರಲಿಲ್ಲ. ತದನಂತರ ಅಂತರರಾಷ್ಟ್ರೀಯ ನಿಯಮ ಬದಲಾಗಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಕವಾಯತು ಕಡ್ಡಾಯವಾಯಿತು. ಮಕ್ಕಳು ಹಸಿದಿದ್ದಾರೆಂದು ಇದನ್ನು ತಪ್ಪಿಸಿಕೊಳ್ಳುವುದು ಸಲ್ಲದು. ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಮೊದಲ ಗಂಟೆಯಲ್ಲಿಯೇ ಕೇಳಬೇಕು. ಏಳು ಕಿರು ಸದ್ದು ಹಾಗೂ ಒಂದು ದೀರ್ಘ ಸದ್ದು ತುರ್ತು ಸೂಚನೆ ಎಂಬುದನ್ನು ದೊಡ್ಡ ಮಕ್ಕಳಿಗೆ ಕಲಿಸಬೇಕು. ಈಜುಕೊಳಗಳಲ್ಲಿ ಎಲ್ಲ ಹಡಗುಗಳಲ್ಲೂ ಕಾವಲುಗಾರರಿರುವುದಿಲ್ಲ. ಆದ್ದರಿಂದ ದೊಡ್ಡವರಲ್ಲಿ ಒಬ್ಬರ ಕಣ್ಣು ಸದಾ ನೀರಿನ ಮೇಲಿರಬೇಕು. ತೆವಳುವ, ಹತ್ತುವ ವಯಸ್ಸಿನ ಮಗುವಿದ್ದರೆ ಬಾಲ್ಕನಿ ಕ್ಯಾಬಿನ್ನಿಗಿಂತ ಒಳ ಕ್ಯಾಬಿನ್ನೇ ಕ್ಷೇಮ. ಬಾಲ್ಕನಿ ಇದ್ದರೆ ಕುರ್ಚಿಯನ್ನು ಕಟಕಟೆಯ ಬಳಿ ಬಿಡಬಾರದು.

ಸಿದ್ಧತೆಯ ಕಾಲಪಟ್ಟಿ

ಆರು ತಿಂಗಳ ಮುಂಚೆ: ಕಿರಿಯ ಮಗುವಿನ ವಯಸ್ಸಿನ ಆಧಾರದ ಮೇಲೆ ಮಾರ್ಗ ಮತ್ತು ಹಡಗಿನ ನಿರ್ಧಾರ, ಪಾಸ್‌ಪೋರ್ಟ್ ಪರಿಶೀಲನೆ, ಪೂರ್ಣ ವೆಚ್ಚದ ಪಟ್ಟಿ, ಅಲ್ಪ ಮುಂಗಡ.

ಮೂರು ತಿಂಗಳ ಮುಂಚೆ: ವಿಮೆ, ವಿಮಾನ, ಹೋಟೆಲ್, ರದ್ದತಿಯ ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸುವುದು, ಬಾಕಿ ಪಾವತಿ.

ಒಂದು ತಿಂಗಳ ಮುಂಚೆ: ವೀಸಾ, ಆಹಾರದ ಸೂಚನೆ, ಮಕ್ಕಳ ವೈದ್ಯರ ಭೇಟಿ, ಆ ಅವಧಿಯ ತೆರಿಗೆ ಮತ್ತು ಬ್ಯಾಂಕ್ ಪಾವತಿಗಳ ವ್ಯವಸ್ಥೆ.

ಪ್ರವಾಸದ ನಂತರ: ಕಾರ್ಡಿನ ಬಿಲ್ಲಿನ ತಾಳೆ, ಟಿಸಿಎಸ್ ಜಮೆಯಾಗಿದೆಯೇ ಎಂಬ ಪರಿಶೀಲನೆ, ಬಿಲ್ಲುಗಳನ್ನು ತೆರಿಗೆ ಕಡತದಲ್ಲಿ ಇಡುವುದು.

ಮಕ್ಕಳ ಬಾಲ್ಯಕ್ಕೆ ಎರಡನೆಯ ಅವಕಾಶವಿಲ್ಲ, ಆದ್ದರಿಂದ ವರ್ತಕರು ಬಿಡುವು ಮಾಡಿಕೊಂಡು ಅವರೊಡನೆ ಹೊರಡುವುದು ಎಲ್ಲ ರೀತಿಯಿಂದಲೂ ಅಪೇಕ್ಷಣೀಯ. ಸ್ವಂತ ಖಾತೆಯಿಂದ, ಪೂರ್ಣ ಲೆಕ್ಕದೊಡನೆ, ಮಗುವಿನ ವಯಸ್ಸಿಗೆ ತಕ್ಕ ಹಡಗಿನಲ್ಲಿ ಹೋದ ಕುಟುಂಬವು ಮರಳಿದ ಮೇಲೆ ಬಿಲ್ಲುಗಳಿಗೂ ನೋಟೀಸುಗಳಿಗೂ ಅಂಜಬೇಕಾಗಿರುವುದಿಲ್ಲ.